ಎಣ್ಣೆ ಸೋರುವುದೆಲ್ಲಿಂದ?

ಕಲಾ ವಿಭಾಗದ ವಿದ್ಯಾರ್ಥಿಗೆ ಮೋಟಾರು ಕಾರಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಿಸಿದ್ದು ಒಂದು ಹಳೆಯ ಅಂಬಾಸಿಡರ್ ಕಾರು. ನನ್ನ ತಂದೆಯವರು ಊರಿನ ಹಿರಿಯ ವಕೀಲರೊಬ್ಬರ ಮನೆಯಲ್ಲಿ ಚಾಲಕರು. ಕಾರು ಓಡಿದರೆ ಅವರಿಗೆ ಕೆಲಸ, ಅವರಿಗೆ ಕೆಲಸವಿದ್ದರೆ ನನಗೆ ಕಾಲೇಜು. ಆದುದರಿಂದ ಕಳೆದ ವರ್ಷ ಆ ಕಾರಿಗೆ ಕಾಯಿಲೆ ಬಂದಾಗ ನಾನು ಪುಸ್ತಕ ಹಿಡಿದು ಸುಮ್ಮನೆ ಕುಳಿತಿರುವಂತಿರಲಿಲ್ಲ.

ಕಾಯಿಲೆಯ ಲಕ್ಷಣಗಳು ಮೂರು. ಏರು ಹತ್ತಿ ಬಂದು ನಿಂತೊಡನೆ ಸೀದ ಎಣ್ಣೆಯ ವಾಸನೆ. ಬಾನೆಟ್ಟಿನ ಸಂದಿನಿಂದ ಎಳೆಯಾಗಿ ಹೊಗೆ. ಬೆಳಗಾದರೆ ಷೆಡ್ಡಿನ ನೆಲದ ಮೇಲೆ ಅಂಗೈಯಗಲದ ಕಪ್ಪು ಕಲೆ. ಪಟ್ಟಣದ ಗ್ಯಾರೇಜೊಂದರಲ್ಲಿ ಕಾರನ್ನು ಕೆಳಗಿನಿಂದ ನೋಡಿದವರು, ಎಂಜಿನ್ನೂ ಗೇರುಪೆಟ್ಟಿಗೆಯೂ ಕೂಡುವ ಕಡೆ ಹನಿ ತೊಟ್ಟಿಕ್ಕುವುದನ್ನು ಕಂಡು, "ಹಿಂದುಗಡೆಯಿಂದ ಲೀಕು. ಎಂಜಿನ್ ಇಳಿಸಬೇಕು" ಎಂದುಬಿಟ್ಟರು. ಅವರು ಹೇಳಿದ ಮೊತ್ತವನ್ನು ಕೇಳಿ ಯಜಮಾನರು ಕಾರನ್ನು ಗುಜರಿಗೆ ಹಾಕುವ ಮಾತೆತ್ತಿದರು. ಅವರದೂ ತಪ್ಪಲ್ಲ, ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ೨೦೧೪ರಲ್ಲಿಯೇ ನಿಂತುಹೋಗಿದೆ. ತಂದೆಯವರು ಒಂದು ಭಾನುವಾರದ ಅವಕಾಶ ಬೇಡಿದರು. ಆ ದಿನ ಅವರ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ತಿಳಿಯಬೇಕಾದುದು, ಸೋರುತ್ತಿರುವುದು ಯಾವ ದ್ರವ ಎಂಬುದು. ರಾತ್ರಿ ಕಾರಿನ ಕೆಳಗೆ ಬಿಳಿಯ ಕಾಗದ ಹಾಸಿದರೆ ಬೆಳಿಗ್ಗೆ ಅದೇ ಹೇಳುತ್ತದೆ. ಎಂಜಿನ್ ಎಣ್ಣೆ ಕಂದು ಅಥವಾ ಕಪ್ಪು ಬಣ್ಣದ್ದು, ಬೆರಳಿಗೆ ಜಾರುತ್ತದೆ. ಗೇರಿನ ಎಣ್ಣೆ ಇನ್ನೂ ಮಂದ. ಅದಕ್ಕೆ ಗಂಧಕದ ಘಾಟು. ಬ್ರೇಕಿನ ದ್ರವ ತೆಳ್ಳಗೆ, ತಿಳಿಯಾಗಿರುತ್ತದೆ. ಅದು ಸೋರುತ್ತಿದ್ದರೆ ಕಾರನ್ನು ಕದಲಿಸಲೇಬಾರದು. ವಾಸನೆಯಲ್ಲಿಯೂ ಭೇದಗಳುಂಟು. ಕಾದ ಕಬ್ಬಿಣದ ಮೇಲೆ ಬಿದ್ದ ಎಂಜಿನ್ ಎಣ್ಣೆಯದು ಬಾಣಲೆಯಲ್ಲಿ ಸೀದ ಎಣ್ಣೆಯಂಥ ವಾಸನೆ. ಕ್ಲಚ್ಚು ಸುಟ್ಟರೆ ಕಾಗದ ಸುಟ್ಟಂತಿರುತ್ತದೆ. ತಂತಿಯ ಮೇಲಿನ ಹೊದಿಕೆ ಸುಟ್ಟ ವಾಸನೆ ಬಂದರೆ ಆ ಕ್ಷಣವೇ ಎಂಜಿನ್ ನಿಲ್ಲಿಸಿ ಬ್ಯಾಟರಿಯ ತಂತಿ ಕಳಚಬೇಕು.

ಎರಡನೆಯದು, ಹೊಗೆ ಬರುವುದೆಲ್ಲಿಂದ ಎಂಬುದು. ಹಿಂದಿನ ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಎಣ್ಣೆ ಎಂಜಿನ್ನಿನ ಒಳಗೇ ಉರಿಯುತ್ತಿದೆ ಎಂದರ್ಥ. ಪಿಸ್ಟನ್ ರಿಂಗುಗಳೋ ವಾಲ್ವಿನ ಗೈಡುಗಳೋ ಸವೆದಿರಬಹುದು. ಅದು ದೊಡ್ಡ ಖರ್ಚು. ಹಿಂದೆ ಹೊಗೆಯಿಲ್ಲದೆ ಬಾನೆಟ್ಟಿನ ಕೆಳಗೆ ಮಾತ್ರ ಹೊಗೆಯಿದ್ದರೆ, ಎಣ್ಣೆ ಹೊರಗೆ ಸೋರಿ ಬಿಸಿ ಭಾಗಗಳ ಮೇಲೆ ಬೀಳುತ್ತಿರುವುದೇ ಹೆಚ್ಚು ಸಂಭವ. ನಮ್ಮದು ಎರಡನೆಯ ಬಗೆ. ತಂದೆಯವರ ಮುಖದಲ್ಲಿ ಆಗಲೇ ಸ್ವಲ್ಪ ಗೆಲವು ಕಂಡಿತು.

ಮೂರನೆಯದೇ ಮುಖ್ಯವಾದದ್ದು. ನಾನು ಕಾರಿನ ಕೆಳಗೆ ನುಸಿಯಹೊರಟಾಗ ಅವರು ತಡೆದು, "ಹನಿ ಬಿದ್ದ ಕಡೆ ನೋಡ್ಬೇಡ ಮಗ, ಹೊರಟ ಕಡೆ ನೋಡು" ಎಂದರು. ಎಣ್ಣೆ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಆದುದರಿಂದ ಒದ್ದೆಯಾಗಿರುವ ಭಾಗಗಳಲ್ಲಿ ಅತ್ಯಂತ ಮೇಲಿನದೂ ಮುಂದಿನದೂ ಯಾವುದೆಂದು ಹುಡುಕಬೇಕು. ಕೊಳೆ ಕಟ್ಟಿದ ಎಂಜಿನ್ನಿನಲ್ಲಿ ಇದು ಕಾಣದು. ತಣ್ಣಗಿದ್ದ ಎಂಜಿನ್ನನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ, ಅನುಮಾನದ ಕಡೆಗಳಲ್ಲಿ ಸೀಮೆಸುಣ್ಣದ ಪುಡಿ ಸವರಿದೆವು. ಬಳಿಕ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ ಟಾರ್ಚು ಬಿಟ್ಟು ನೋಡಿದರೆ, ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯೊಂದು ಇಳಿದುಬಂದಿತ್ತು. ಅದು ಹೊರಟದ್ದು ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರಿನ ಅಂಚಿನಿಂದ!

ಎಲ್ಲವೂ ಒಮ್ಮೆಗೇ ತಿಳಿಯಾಯಿತು. ಅಂಬಾಸಿಡರಿನ ೧೪೮೯ ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಈ ಕವರಿನ ಒಂದು ಪಕ್ಕದ ಕೆಳಗೇ ಸುಟ್ಟ ಅನಿಲ ಹೋಗುವ ಬೀಡುಕಬ್ಬಿಣದ ಮ್ಯಾನಿಫೋಲ್ಡ್ ಇದೆ. ಅದರ ಮೇಲೆ ಬಿದ್ದ ಎಣ್ಣೆ ಹೊಗೆಯಾಯಿತು. ಉಳಿದದ್ದು ಎಂಜಿನ್ನಿನ ಬೆನ್ನಿನ ಮೇಲೆ ಇಳಿದು ಗೇರುಪೆಟ್ಟಿಗೆಯ ಹತ್ತಿರ ಹನಿಯಾಯಿತು. ಗ್ಯಾರೇಜಿನವರು ಕಂಡದ್ದು ಸುಳ್ಳಲ್ಲ. ಕಂಡ ಕಡೆಯೇ ನಿಂತುಬಿಟ್ಟರು, ಅಷ್ಟೆ.

ಕವರಿನ ಕೆಳಗಿನ ಬೆಂಡಿನ ಪ್ಯಾಕಿಂಗು ಒಣಗಿ ಒಡೆದಿತ್ತು. ಹೊಸದು ಹಾಕಿದರೆ ಮುಗಿಯಿತೆಂದು ನಾನೆಂದುಕೊಂಡೆ. ತಂದೆಯವರು ಅಲ್ಲಿಗೂ ನಿಲ್ಲಲಿಲ್ಲ. ಎಂಜಿನ್ನಿನೊಳಗಿನ ಆವಿ ಹೊರಗೆ ಹೋಗಲು ಬ್ರೀದರ್ ಎಂಬ ಕೊಳವೆಯುಂಟು. ಅದನ್ನು ಕಳಚಿ ನೋಡಿದರೆ ಒಳಗೆಲ್ಲ ಗಸಿ ಕಟ್ಟಿತ್ತು. ದಾರಿ ಮುಚ್ಚಿದ ಆವಿ ಒಳಗೇ ಒತ್ತಡ ಹೆಚ್ಚಿಸಿ, ಎಲ್ಲಿ ಸಂದಿದೆಯೋ ಅಲ್ಲಿಂದ ಎಣ್ಣೆಯನ್ನು ನೂಕುತ್ತದೆ. ಅದನ್ನು ಬಿಟ್ಟು ಪ್ಯಾಕಿಂಗು ಮಾತ್ರ ಬದಲಿಸಿದ್ದರೆ ಹೊಸ ಪ್ಯಾಕಿಂಗಿನ ಸಂದಿನಿಂದಲೂ ಎಣ್ಣೆ ಬರಬಹುದಾಗಿತ್ತು. ಕವರಿನ ಎರಡು ನಟ್ಟುಗಳನ್ನು ಹದವಾಗಿಯೇ ಬಿಗಿಯಬೇಕು. ಸೋರುತ್ತದೆಂದು ಬಲವಾಗಿ ಬಿಗಿದರೆ ತಗಡಿನ ಅಂಚು ಸೊಟ್ಟಗಾಗಿ ಸೋರಿಕೆ ಹೆಚ್ಚುತ್ತದೆ.

ಇಂಥ ವಾಸನೆಯನ್ನು ಹಗುರವಾಗಿ ಎಣಿಸಬಾರದು. ಕಾದ ಲೋಹದ ಮೇಲೆ ಬಿದ್ದ ಎಣ್ಣೆ ಹೊತ್ತಿಕೊಳ್ಳಬಹುದು. ಸೋರಿ ಸೋರಿ ಎಣ್ಣೆಯ ಮಟ್ಟ ಇಳಿದರೆ ಬೇರಿಂಗುಗಳೇ ಹೋಗುತ್ತವೆ. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಅಳತೆಯ ಕಡ್ಡಿಯನ್ನು ಒರೆಸಿ ಅದ್ದಿ ನೋಡುವುದು ಯಾರಿಗೂ ಕಷ್ಟವಲ್ಲ. ಓಡುವಾಗ ಎಣ್ಣೆಯ ಕೆಂಪು ದೀಪ ಹತ್ತಿದರೆ ಅಲ್ಲಿಯೇ ನಿಲ್ಲಿಸಬೇಕು.

ಕಾರು ಗುಜರಿಗೆ ಹೋಗಲಿಲ್ಲ. ಮರುದಿನ ಯಜಮಾನರು ಹಿಂದಿನ ಸೀಟಿನಲ್ಲಿ ಕುಳಿತು ಏರು ಹತ್ತಿಬಂದು, ಇಳಿದು ಬಾನೆಟ್ಟಿನ ಬಳಿ ಮೂಸಿ ನೋಡಿ, ಏನೂ ಹೇಳದೆ ಒಳಗೆ ಹೋದರು. ಆ ತಿಂಗಳು ನನ್ನ ಪರೀಕ್ಷಾ ಶುಲ್ಕ ಸಕಾಲಕ್ಕೆ ಸಂದಾಯವಾಯಿತು.

ತರ್ಕಶಾಸ್ತ್ರದ ತರಗತಿಯಲ್ಲಿ ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ನನ್ನ ತಂದೆಯವರು ಅದನ್ನು ಓದಿದವರಲ್ಲ. ಆದರೆ ಹೊಗೆಯಿಂದ ಎಣ್ಣೆಗೂ, ಎಣ್ಣೆಯಿಂದ ಪ್ಯಾಕಿಂಗಿಗೂ, ಪ್ಯಾಕಿಂಗಿನಿಂದ ಮುಚ್ಚಿದ ಕೊಳವೆಗೂ ಅವರು ನಡೆದ ರೀತಿಯನ್ನು ಕಂಡ ಮೇಲೆ ನನಗೆ ಆ ಪಾಠ ಅರ್ಥವಾಯಿತು. ಈಗಲೂ ಪ್ರತಿ ರಾತ್ರಿ ಅವರು ಕಾರಿನ ಕೆಳಗೆ ಹಳೆಯ ಕಾಗದವೊಂದನ್ನು ಹಾಸಿಯೇ ಮನೆಗೆ ಬರುತ್ತಾರೆ. ಬಹಳ ದಿನ ಅದು ನನ್ನ ಟಿಪ್ಪಣಿ ಪುಸ್ತಕದ ಹಾಳೆಯೇ ಆಗಿರುತ್ತದೆ.