ಒತ್ತಕ್ಷರ ಮುರಿಯದಿರಲಿ: ಇಂಕ್‌ಸ್ಕೇಪ್‌ನ ಮೊದಲ ಪಾಠ

ನವೆಂಬರ್ ಬಂತೆಂದರೆ ಅಮೆರಿಕದ ಕನ್ನಡ ಸಂಘಗಳಲ್ಲಿ ಬ್ಯಾನರ್, ಆಹ್ವಾನಪತ್ರಿಕೆ, ಮಕ್ಕಳ ಟೀ ಶರ್ಟ್ ಎಂದು ಗಡಿಬಿಡಿ. ಮುದ್ರಣದ ಅಂಗಡಿಯವರಿಗೆ ಕನ್ನಡ ಬಾರದು. ಅವರ ಕಂಪ್ಯೂಟರಿನಲ್ಲಿ ‘ರಾಜ್ಯೋತ್ಸವ’ ಎಂಬುದು ‘ರಾಜ್‌ಯೋತ್‌ಸವ’ ಎಂದು ಮುರಿದರೂ ಅವರಿಗೆ ತಪ್ಪು ಕಾಣುವುದಿಲ್ಲ. ವಾರಕ್ಕೊಮ್ಮೆ ಕನ್ನಡ ಶಾಲೆಗೆ ಬರುವ ಮಗುವಿಗಂತೂ ವೇದಿಕೆಯ ಮೇಲಿನ ದೊಡ್ಡ ಅಕ್ಷರವೇ ಸರಿಯಾದ ಕನ್ನಡ. ಆದ್ದರಿಂದ ಸಂಘದ ಕಾರ್ಯಾಗಾರದಲ್ಲಿ ವೆಕ್ಟರ್ ಚಿತ್ರ ಬರೆಯಲು ಕಲಿಯುವುದು ಬರೀ ಹವ್ಯಾಸವಲ್ಲ.

ವೆಕ್ಟರ್ ಎಂದರೇನು? ನನ್ನ ವೃತ್ತಿಯ ಉದಾಹರಣೆಯನ್ನೇ ಕೊಡುತ್ತೇನೆ. ಡಿಜಿಟಲ್ ಎಕ್ಸ್‌ರೇ ಚುಕ್ಕೆಗಳಿಂದಾದ ಚಿತ್ರ. ಹಿಗ್ಗಿಸುತ್ತ ಹೋದರೆ ಚುಕ್ಕೆಗಳು ಚೌಕಗಳಾಗಿ ಕಾಣುತ್ತವೆ, ಹೊಸ ವಿವರ ಸಿಗದು. ಅನಾಟಮಿ ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಹೃದಯದ ಚಿತ್ರ ಬೇರೆ ಬಗೆಯದು. ಎಲ್ಲಿಂದ ಶುರು, ಹೇಗೆ ಬಾಗಬೇಕು, ಎಲ್ಲಿ ಮುಗಿಸಬೇಕು ಎಂಬುದಷ್ಟೇ ಅಲ್ಲಿ ಮುಖ್ಯ. ಅದನ್ನು ನೋಟ್‌ಬುಕ್ಕಿನಲ್ಲೂ ಬರೆಯಬಹುದು, ಗೋಡೆಯಷ್ಟು ದೊಡ್ಡದಾಗಿಯೂ ಬರೆಯಬಹುದು, ಅಂಚು ಮಸುಕಾಗದು. ವೆಕ್ಟರ್ ಕಡತ ಉಳಿಸಿಕೊಳ್ಳುವುದು ಇಂಥ ಸೂಚನೆಗಳನ್ನೇ. ಫೋಟೋಗಳಿಗೆ ಇದು ಒಗ್ಗದು; ಅಕ್ಷರ, ಲಾಂಛನ, ರಂಗೋಲಿಗಳಿಗೆ ಹೇಳಿ ಮಾಡಿಸಿದ್ದು.

ಕಲಿಯಲು ಇಂಕ್‌ಸ್ಕೇಪ್ ಒಳ್ಳೆಯದು. 2003ರಲ್ಲಿ ಸೋಡಿಪೋಡಿ ಎಂಬ ತಂತ್ರಾಂಶದಿಂದ ಕವಲೊಡೆದ ಇದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇದರ ಎಸ್‌ವಿಜಿ ಕಡತ ಮುಕ್ತ ಮಾನಕವಾದ್ದರಿಂದ ಮುಂದಿನ ವರ್ಷದ ಸಮಿತಿಯವರು ಬೇರೆ ತಂತ್ರಾಂಶದಲ್ಲೂ ಅದನ್ನು ತೆರೆಯಬಹುದು.

ಕಾರ್ಯಾಗಾರಕ್ಕೆ ಲ್ಯಾಪ್‌ಟಾಪ್ ಜೊತೆಗೆ ಒಂದು ಮೌಸ್ ತನ್ನಿ. ನಮ್ಮ ವಯಸ್ಸಿನವರ ಬೆರಳಿಗೆ ಅದೇ ಸುಲಭ. ಮೊದಲು ಒಂದು ವೃತ್ತ, ಒಂದು ಚೌಕ ಬರೆದು ಬಣ್ಣ ತುಂಬಿ. ನಂತರ ಪೆನ್ ಉಪಕರಣದಿಂದ ಬಾಗುರೇಖೆ ಎಳೆಯಿರಿ. ಇದಕ್ಕೆ ಬೆಜಿಯೆ ರೇಖೆ ಎಂದು ಹೆಸರು. ಫ್ರಾನ್ಸಿನ ರೆನೋ ಕಾರು ಕಂಪನಿಯ ಎಂಜಿನಿಯರ್ ಪಿಯರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈ ವಿನ್ಯಾಸಕ್ಕೆ ಇದನ್ನು ಬಳಸಿದರು. ರೇಖೆಯ ಬಿಂದುವಿನಿಂದ ಹೊರಡುವ ಹಿಡಿಕೆಗಳನ್ನು ಎಳೆದಂತೆ ರೇಖೆ ಬಾಗುತ್ತದೆ. ಬಿಂದುಗಳು ಕಡಿಮೆಯಿದ್ದಷ್ಟೂ ರೇಖೆ ನಯ.

ಈಗ ಅಕ್ಷರ. ನೋಟೋ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಆರಿಸಿ ‘ರಾಜ್ಯೋತ್ಸವ’ ಎಂದು ಟೈಪ್ ಮಾಡಿ. ಒತ್ತಕ್ಷರ ಸರಿಯಾಗಿ ಕೂತಿದೆಯೇ ನೋಡಿ, ಕಡತವನ್ನು ಉಳಿಸಿ. ಬಳಿಕ ಬೇರೆ ಹೆಸರಿನಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡು, ಅದರಲ್ಲಿ ಪದವನ್ನು ಆಯ್ದು, ಪಾತ್ ಮೆನುವಿನಲ್ಲಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ. ಆ ಕ್ಷಣದಿಂದ ಅದು ಅಕ್ಷರವಲ್ಲ, ಚಿತ್ರ. ಅಂಗಡಿಯವರ ಬಳಿ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತು ಜಾಗ ಬಿಟ್ಟು ಕದಲದು. ಈ ಪ್ರತಿಯನ್ನು ಪಿಡಿಎಫ್ ಮಾಡಿ ಕಳುಹಿಸಿ. ಮೊದಲ ಪ್ರತಿಯನ್ನು ಅಳಿಸಬೇಡಿ. ಮುಂದಿನ ವರ್ಷ ತಾರೀಖು ಬದಲಿಸಲು ಅದೇ ಬೇಕು.

ಒಂದು ಎಚ್ಚರಿಕೆ. ಚಿತ್ರವಾದ ಮೇಲೆ ಕಾಗುಣಿತದ ತಪ್ಪೂ ಅಷ್ಟೇ ಭದ್ರವಾಗಿ ಉಳಿಯುತ್ತದೆ. ಕಳುಹಿಸುವ ಮುನ್ನ ಕನ್ನಡ ಚೆನ್ನಾಗಿ ಬಲ್ಲ ಇನ್ನೊಬ್ಬರಿಂದ ಒಂದೊಂದೇ ಅಕ್ಷರ ಓದಿಸಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಈ ಕೆಲಸಕ್ಕೆ ಅವರಿಗಿಂತ ತಕ್ಕವರಿಲ್ಲ. ಮೌಸ್ ಮೊಮ್ಮಕ್ಕಳ ಕೈಯಲ್ಲಿರಲಿ.