ಹಳೇ ಟ್ರ್ಯಾಕ್ಟರಿಗೆ ಕೇಜ್ ವೀಲ್: ಹಲ್ಲು ತಳ ಮುಟ್ಟಲಿ, ತಳ ಹರಿಯದಿರಲಿ

ಭದ್ರಾ ನಾಲೆಗೆ ನೀರು ಬಿಟ್ಟರೆ ಸಾಕು, ದಾವಣಗೆರೆ-ಹರಿಹರ ಕಡೆಯ ಭತ್ತದ ಗದ್ದೆಗಳಲ್ಲಿ ಎಲ್ಲರಿಗೂ ಒಂದೇ ಅವಸರ. ನೀರಿನ ಸರದಿ ಮುಗಿಯೋದರೊಳಗೆ ಕೆಸರು ಹೊಡೆದು ಮಡಿ ನಾಟಿಗೆ ಸಿದ್ಧವಾಗಬೇಕು. ನಾಲೆಯ ಕೊನೇ ಭಾಗದವರಿಗೆ ದಿನ ಇನ್ನೂ ಕಡಿಮೆ. ಇಂಥ ಹೊತ್ತಿನಲ್ಲೇ ಇಪ್ಪತ್ತು-ಮೂವತ್ತು ವರ್ಷ ದುಡಿದ 35 ಎಚ್.ಪಿ. ಟ್ರ್ಯಾಕ್ಟರ್ ಎರೆ ಕೆಸರಲ್ಲಿ ನಿಂತಲ್ಲೇ ಗಾಲಿ ತಿರುಗಿಸ್ತಾ ಹೂತುಕೊಳ್ಳೋದು.

‘ಕೇಜ್ ವೀಲ್ ಹಾಕ್ಸು, ಸರಿ ಹೋಗ್ತದೆ’ ಅಂತ ಪಕ್ಕದ ಗದ್ದೆಯವರು ಹೇಳ್ತಾರೆ. ಮಾತು ನಿಜ, ಆದರೆ ಅರ್ಧ ಮಾತ್ರ. ಕಬ್ಬಿಣದ ಹಲ್ಲು ಎಂಜಿನ್ನಿಗೆ ಹೊಸ ಶಕ್ತಿ ಕೊಡೋದಿಲ್ಲ. ಜಾರಿ ಹೋಗ್ತಿದ್ದ ಶಕ್ತಿಯನ್ನು ಹಿಡಿದು ನೆಲಕ್ಕೆ ಕೊಡ್ತದೆ, ಅಷ್ಟೆ. ಹಾಗೆ ಹಿಡಿದಾಗ ಬೀಳುವ ಹೊಡೆತವನ್ನು ಹಳೇ ಗಾಡಿ ತಡೆಯಬಲ್ಲದೇ? ಮೊದಲು ನೋಡಬೇಕಾದ್ದು ಇದನ್ನು.

ಟೈರು ಜಾರುವುದೇಕೆ?

ಟೈರಿನ ಹಲ್ಲುಗಳ (ಕೆಲವರು ಬಟನ್ ಅಂತಾರೆ) ಸಂದಿಗೆ ಜಿಗುಟು ಎರೆ ತುಂಬಿಕೊಂಡರೆ ಟೈರು ನುಣ್ಣನೆ ಡ್ರಮ್ಮಿನ ಹಾಗಾಗ್ತದೆ. ಕೇಜ್ ವೀಲಿನಲ್ಲಿ ಕಬ್ಬಿಣದ ಬಳೆಗಳ ಮೇಲೆ ಆಂಗಲ್ ಪಟ್ಟಿಗಳನ್ನು ದೂರ ದೂರ ಬೆಸೆದಿರ್ತಾರೆ. ನಡುವೆ ಬಯಲಿರುವುದರಿಂದ ಕೆಸರು ಉದುರಿ ಹೋಗ್ತದೆ, ಪಟ್ಟಿ ಕೆಳಗಿನ ಗಟ್ಟಿ ತಳಕ್ಕೆ ಊರಿ ಗಾಡಿಯನ್ನು ಮುಂದೆ ತಳ್ತದೆ.

ಆ ಗಟ್ಟಿ ತಳವೇ ಭತ್ತದ ಗದ್ದೆಯ ಆಸ್ತಿ. ವರ್ಷ ವರ್ಷ ಕೆಸರು ಹೊಡೆದು ಕೂತ ಈ ಪದರವೇ ನೀರು ಇಂಗದಂತೆ ತಡೆಯೋದು, ಗಾಡಿಯನ್ನು ಹೊರೋದು. ಹಲ್ಲು ಅತಿ ಉದ್ದವಾಗಿದ್ದರೆ, ಅಥವಾ ನಿಂತಲ್ಲೇ ಗಾಲಿ ತಿರುಗಿಸಿದರೆ, ಈ ತಳ ಹರಿಯುತ್ತೆ. ಮುಂದಿನ ಬೆಳೆಗೆ ಅದೇ ಜಾಗದಲ್ಲಿ ಗಾಡಿ ಹೂಳುತ್ತೆ, ನಿಲ್ಲಿಸಿದ ನೀರೂ ಬೇಗ ಇಳಿಯುತ್ತೆ. ಅದಕ್ಕೇ ಹಲ್ಲು ಎಷ್ಟು ಉದ್ದವೋ ಅಷ್ಟು ಒಳ್ಳೇದು ಅನ್ನೋ ಲೆಕ್ಕ ತಪ್ಪು.

ಮೊದಲು ಅಳೆಯಿರಿ

ಖರ್ಚು ಮಾಡುವ ಮೊದಲು ಎರಡು ಅಳತೆ ಮಾಡಿ. ಒಂದು, ಹಿಂದಿನ ಗಾಲಿಗೆ ಸುಣ್ಣದ ಗುರುತು ಹಾಕಿ, ಗಟ್ಟಿ ನೆಲದಲ್ಲಿ 10 ಸುತ್ತಿಗೆ ಗಾಡಿ ಎಷ್ಟು ದೂರ ಹೋಗ್ತದೆ ನೋಡಿ. 12.4-28 ಟೈರಿಗೆ ಅದು 38 ಮೀಟರ್ ಆಸುಪಾಸು ಬರ್ತದೆ. ಕೆಸರಲ್ಲಿ ಕೆಲಸ ಮಾಡುವಾಗಲೂ 10 ಸುತ್ತು ಎಣಿಸಿ. ಅಲ್ಲಿ 25 ಮೀಟರ್ ಬಂತು ಅನ್ನಿ, 13 ಮೀಟರ್ ಜಾರಿಕೆಗೆ ಹೋಯ್ತು. ಅಂದರೆ ಮೂರರಲ್ಲಿ ಒಂದು ಪಾಲು ಓಟ ವ್ಯರ್ಥ. ಜಾರಿಕೆ ಇದಕ್ಕಿಂತ ತೀರ ಕಡಿಮೆ ಇದ್ದರೆ ಕೇಜ್ ವೀಲಿನ ಗೊಡವೆಯೇ ಬೇಡ. ಸವೆದ ಟೈರ್ ಬದಲಿಸಿದರೂ ಸಾಕಾದೀತು.

ಎರಡು, ನೀರು ನಿಂತ ಮಡಿಯಲ್ಲಿ ಕಬ್ಬಿಣದ ಸರಳನ್ನು ಕೈಯಿಂದ ಒತ್ತಿ. ಒಂದು ಗೇಣಿನೊಳಗೆ ತಳ ತಡೆದರೆ ಚಿಂತೆ ಇಲ್ಲ. ಮೊಣಕಾಲುದ್ದ ಇಳಿದರೆ ಆ ಜಾಗಕ್ಕೆ ಯಾವ ಗಾಲಿ ಹಾಕಿದರೂ ಟ್ರ್ಯಾಕ್ಟರ್ ಇಳಿಸಬೇಡಿ.

ಯಾವುದು ನಿಮಗೆ?

ಮೂರು ದಾರಿ ಇವೆ. ಗದ್ದೆ ಟೈರು ಮೊದಲನೇದು. ಟೈರಿನ ಬದಿಯಲ್ಲಿ ಆರ್-2 ಅಂತ ಇರ್ತದೆ. ಮಾಮೂಲಿ ಆರ್-1 ಟೈರಿಗಿಂತ ಇದರ ಹಲ್ಲು ಸುಮಾರು ಎರಡು ಪಟ್ಟು ಎತ್ತರ. ಟಾರ್ ರಸ್ತೆಯಲ್ಲಿ ಬೇಗ ಸವೆಯುವುದರಿಂದ ಟ್ರೇಲರ್ ಬಾಡಿಗೆ ಹೊಡೆಯೋರಿಗೆ ಇದು ತಕ್ಕದ್ದಲ್ಲ.

ಎರಡನೇದು ಅರ್ಧ ಕೇಜ್, ಟೈರಿನ ಹೊರಬದಿಗೆ ಕೂಡಿಸುವಂಥದ್ದು. ಇದರ ಎತ್ತರ ಟೈರಿಗಿಂತ ತುಸು ಕಮ್ಮಿ ಇರಬೇಕು. ಗಟ್ಟಿ ನೆಲದಲ್ಲಿ ಟೈರೇ ಭಾರ ಹೊರ್ತದೆ, ಕೆಸರಲ್ಲಿ ಟೈರು ಇಳಿದಾಗ ಕೇಜ್ ಹಿಡೀತದೆ. ಹಳೇ ಗಾಡಿಗೆ, ಸಣ್ಣ ಹಿಡುವಳಿಗೆ ನನ್ನ ಮತ ಇದಕ್ಕೇ. ಮೂರನೇದು ಟೈರನ್ನೇ ತೆಗೆದು ಹಾಕುವ ಪೂರ್ತಿ ಕೇಜ್. ಹಿಡಿತ ಹೆಚ್ಚು, ಹೊಡೆತವೂ ಹೆಚ್ಚು.

ಗಾಡಿಯ ಪರೀಕ್ಷೆ

ಟೈರು ಜಾರೋದು ಒಂದು ರೀತಿ ಫ್ಯೂಸ್ ಇದ್ದ ಹಾಗೆ. ಭಾರ ಮಿತಿ ಮೀರಿದರೆ ಗಾಲಿ ಜಾರಿ ಒಳಗಿನ ಗೇರು ಉಳೀತದೆ. ಕೇಜ್ ಹಾಕಿದ ಮೇಲೆ ಆ ಫ್ಯೂಸ್ ಇಲ್ಲ. ಹೊಡೆತ ನೇರ ಆಕ್ಸಲ್, ಬೇರಿಂಗ್, ಗೇರು, ಕ್ಲಚ್ಚಿಗೆ. ಆದ್ದರಿಂದ ಹಿಂದಿನ ಗಾಲಿಯನ್ನು ಜಾಕ್ ಮೇಲೆ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಮೊದಲು ಬೇರಿಂಗ್ ನೋಡಿಸಿ. ಆಕ್ಸಲ್ ಬಾಯಲ್ಲಿ ಎಣ್ಣೆ ಜಿನುಗುತ್ತಿದ್ದರೆ ಆಯಿಲ್ ಸೀಲ್ ಬದಲಿಸಿ. ಎಣ್ಣೆ ಹೊರಗೆ ಬರುವ ದಾರಿಯಲ್ಲೇ ಕೆಸರು ಒಳಗೆ ಹೋಗ್ತದೆ. ಗೇರ್ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದೇ ಅರ್ಥ.

ಜೋಡಿಸುವಾಗ

ಹಳೇ ಮಾಡೆಲ್‌ಗಳಲ್ಲಿ ಬೋಲ್ಟ್ ತೂತಿನ ಅಳತೆ ಒಂದರ ಹಾಗೆ ಇನ್ನೊಂದಿಲ್ಲ. ಎದುರುಬದುರು ಬೋಲ್ಟುಗಳ ನಡುಮಧ್ಯದ ಅಂತರ ಅಳೆದುಕೊಳ್ಳಿ. ಆದರೆ ಗಾಲಿಯ ಡಿಸ್ಕನ್ನೇ ಗ್ಯಾರೇಜಿಗೆ ಒಯ್ದು ಅದರ ಮೇಲಿಟ್ಟು ತೂತು ಹಾಕಿಸೋದು ಇನ್ನೂ ಉತ್ತಮ. ಪೂರ್ತಿ ಕೇಜಿನ ನಡುತೂತು ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಇಡೀ ಭಾರ ಬೋಲ್ಟಿಗೆ ಬೀಳ್ತದೆ. ಇದು ಲೇತಿನ ಕೆಲಸ. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತುಗಳಿಗೇ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದೆ, ಆದರೂ ಈ ಕೆಲಸ ಬಲ್ಲವರಿಗೆ ಈ ಭಾಗದಲ್ಲಿ ಬರವಿಲ್ಲ.

ಅರ್ಧ ಕೇಜ್ ಟೈರಿಗೆ ಆದಷ್ಟು ಹತ್ತಿರ ಕೂರಲಿ. ಹೊರಗೆ ಚಾಚಿದಷ್ಟೂ ಆಕ್ಸಲ್ ಮೇಲೆ ಎಳೆತ ಹೆಚ್ಚು. ಪಟ್ಟಿಗಳ ಓರೆ ಎರಡೂ ಬದಿಗೆ ಸರಿಜೋಡಿ ಇರಲಿ, ಎಡ-ಬಲ ಅದಲುಬದಲಾಗದಿರಲಿ. ಮಡ್‌ಗಾರ್ಡಿಗೆ, ರೋಟವೇಟರಿಗೆ ತಾಗದಂತೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದು, ಒಂದು ತಾಸು ಕೆಲಸವಾದ ಮೇಲೆ ಮತ್ತೆ ಬಿಗಿಯಿರಿ. ಟೈರು ಇರುವಾಗಲೇ ರಿಮ್ಮಿಗೆ ವೆಲ್ಡಿಂಗ್ ಮಾಡಿಸಲೇಬೇಡಿ. ಒಳಗಿನ ಗಾಳಿ ಕಾದು ಟೈರು ಸಿಡಿದರೆ ಪ್ರಾಣಕ್ಕೇ ಸಂಚಕಾರ.

ಓಡಿಸುವಾಗ

ಕೇಜ್ ಹಾಕಿದ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುವ ಅಪಾಯ ದೊಡ್ಡದು. ಗಾಲಿ ಜಾರದೆ ಕಚ್ಚಿಕೊಂಡರೆ ಎಂಜಿನ್ ಗಾಡಿಯ ಮೈಯನ್ನೇ ಎತ್ತುತ್ತೆ. ಮಗುಚೋಕೆ ಎರಡು ಸೆಕೆಂಡು ಸಾಕು, ಜಿಗಿಯೋಕೆ ಪುರುಸೊತ್ತಿರೋಲ್ಲ. ಕ್ಲಚ್ ಥಟ್ಟನೆ ಬಿಡಬೇಡಿ. ಎತ್ತರದ ಬದು ಹತ್ತಿಸುವ ಬದಲು ಬದು ಕಡಿದು ದಾರಿ ಮಾಡಿ. ಹೂತಾಗ ಗಾಲಿಗೆ ಮರದ ತುಂಡು ಕಟ್ಟುವ ರೂಢಿ ಕೆಲವು ಕಡೆ ಇದೆ, ಅದು ಸಾವಿನ ದಾರಿ. ರೋಟವೇಟರ್ ಬಿಚ್ಚಿ, ಇನ್ನೊಂದು ಗಾಡಿಯಿಂದ ಎಳೆಸಿಕೊಳ್ಳಿ. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಬೇಡಿ.

ಕಬ್ಬಿಣದ ಗಾಲಿಯಲ್ಲಿ ಟಾರ್ ರಸ್ತೆಗೆ ಇಳಿಯೋದು ನಿಯಮಕ್ಕೆ ವಿರುದ್ಧ. ನಮ್ಮ ಕೆ.ಬಿ. ಬಡಾವಣೆಯಂಥ ಕಡೆ ಮನೆ, ಊರಾಚೆ ಗದ್ದೆ ಇರುವವರು ಕೇಜನ್ನು ಟ್ರೇಲರಿನಲ್ಲಿ ಒಯ್ದು ಗದ್ದೆಯಲ್ಲೇ ಕೂಡಿಸಬೇಕು. ಜಾಕ್ ಕೆಳಗೆ ಅಗಲದ ಹಲಗೆ ಇಟ್ಟರೆ ಕುಸಿಯೋದಿಲ್ಲ.

ವರ್ಷದಲ್ಲಿ ಕೆಲವೇ ದಿನದ ಕೆಲಸ ಇದು. ಒಂದೇ ಮಾಡೆಲಿನ ಗಾಡಿ ಇರುವ ಮೂರ್ನಾಲ್ಕು ಜನ ಕೂಡಿ ಒಂದು ಜೊತೆ ಮಾಡಿಸಿಕೊಂಡರೂ ನಡೀತದೆ. ಹಾಕುವ ಮೊದಲು ಎಕರೆಗೆ ಎಷ್ಟು ಡೀಸೆಲ್, ಹಾಕಿದ ಮೇಲೆ ಎಷ್ಟು ಅಂತ ಪುಸ್ತಕದಲ್ಲಿ ಬರೆದಿಡಿ. ಕೇಜ್ ವೀಲ್ ನಿಮಗೆ ಲಾಭವೋ ಅಲ್ಲವೋ ಅನ್ನೋದನ್ನ ಆ ಎರಡು ಅಂಕಿಯೇ ಹೇಳ್ತವೆ.