ಹಿತ್ತಲ ಹಲ್ಲಿಯ ಹಾಜರಿ ಪುಸ್ತಕ

ಸ್ವೀಡನ್ನಿನ ಪಶ್ಚಿಮ ಕರಾವಳಿಯಲ್ಲಿ, ಗೋಥೆನ್‌ಬರ್ಗ್ ನಗರಕ್ಕೆ ಸುಮಾರು 50 ಕಿಲೋಮೀಟರ್ ದಕ್ಷಿಣಕ್ಕೆ, ಆಸ್ಕೆಟುನ್ನನ್ ಎಂಬ ಜಾಗವಿದೆ. ವಸಂತದಲ್ಲಿ ಅಲ್ಲಿ ಬಿಸಿಲು ಕಾಯಿಸಲು ಹೊರಬರುತ್ತಿದ್ದ ಹಲ್ಲಿಗಳ ಬೆನ್ನ ಮೇಲೆ ಒಂದು ಸೆಂಟಿಮೀಟರ್ ಅಗಲದ ಬಟ್ಟೆಯ ಪಟ್ಟಿ, ಅದರ ಮೇಲೊಂದು ನಂಬರು ಇರುತ್ತಿತ್ತು. ಇವು ಯಾರ ಮನೆಯ ಸಾಕುಪ್ರಾಣಿಗಳೂ ಅಲ್ಲ. ಆದರೂ ಯಾವ ಗಂಡು ಯಾವ ಹೆಣ್ಣಿನ ಬೆನ್ನು ಬಿದ್ದಿತು, ಯಾವುದಕ್ಕೆ ಎಷ್ಟು ಮರಿ, ಯಾವುದು ಯಾವ ವರ್ಷದಿಂದ ಕಣ್ಣಿಗೆ ಬಿದ್ದಿಲ್ಲ ಎಂಬುದೆಲ್ಲ ಬರೆದಿಟ್ಟಿದೆ. ಮಾಟ್ಸ್ ಓಲ್ಸನ್ ಎಂಬ ಜೀವವಿಜ್ಞಾನಿ 1980ರ ದಶಕದಲ್ಲಿ ಶುರುಮಾಡಿದ ಲೆಕ್ಕ ಅದು.

ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ ನಮ್ಮಲ್ಲಿ. ಗೂಟ ಬಾಯಿಬಿಡುವುದಿಲ್ಲ, ಓತಿಕ್ಯಾತ ಸಿಕ್ಕುವುದಿಲ್ಲ. ಅಂಗೈಯಗಲದ ಪ್ರಾಣಿಯೊಂದು ಹಿತ್ತಲಿನಲ್ಲಿ ಓಡಾಡಿಕೊಂಡಿದ್ದರೆ ಅದು ನಿನ್ನೆ ಕಂಡದ್ದೇ ಹೌದೋ ಅಲ್ಲವೋ ಎಂದು ಆಣೆಮಾಡಿ ಹೇಳುವವರು ಯಾರು? ಸ್ವೀಡನ್ನಿನ ಹಲ್ಲಿಪ್ರಿಯರು ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಅಂಥವರಲ್ಲಿ ಎರಡು ಜಾತಿ. ಮೊದಲನೆಯವರು ಮನೆಯೊಳಗೆ ಗಾಜಿನ ಪೆಟ್ಟಿಗೆ ಇಟ್ಟು, ಮೇಲೆ ದೀಪ ಉರಿಸಿ, ಆಸ್ಟ್ರೇಲಿಯಾದ ಗಡ್ಡದ ಓತಿಯನ್ನೋ ನಮ್ಮ ಉಪಖಂಡದ ಚಿರತೆಚುಕ್ಕೆಯ ಹಲ್ಲಿಯನ್ನೋ ಸಾಕುವವರು. ಬೇಸಿಗೆಯಲ್ಲಿ ಒಂದು ಒಳ್ಳೆಯ ದಿನ ಬಂದರೆ ಸಾಕು, ಅದಕ್ಕೂ ಬಿಸಿಲು ಕಾಣಿಸೋಣ ಎಂದು ಹಿತ್ತಲಿಗೆ ತರುತ್ತಾರೆ. ಗಡ್ಡದ ಓತಿಗೆ ಮೈ ಚುರುಕಾಗಬೇಕಾದರೆ ದೇಹದ ಬಿಸಿ 35 ಡಿಗ್ರಿಯ ಆಸುಪಾಸು ಇರಬೇಕು. ಸ್ಟಾಕ್‌ಹೋಮಿನಲ್ಲಿ ಜುಲೈ ತಿಂಗಳ ಸರಾಸರಿ 20 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಬಂಡೆಯ ಮೇಲೆ ಕೂತಾಗ ಚೆನ್ನಾಗಿಯೇ ಓಡುವ ಪ್ರಾಣಿ ಪೊದೆಯ ನೆರಳಿಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿ ಜಡವಾಗುತ್ತದೆ. ಕಳೆದುಹೋದ ಸಾಕುಹಲ್ಲಿ ಬಹುಪಾಲು ದೂರ ಹೋಗಿರುವುದಿಲ್ಲ. ಬಿಟ್ಟ ಜಾಗದ ಹತ್ತಿರವೇ ಹಲಗೆಯ ಕೆಳಗೋ ಕಲ್ಲಿನ ಸಂದಿನಲ್ಲೋ ಅಲುಗಾಡದೆ ಇರುತ್ತದೆ. ಹುಡುಕಬೇಕಾದದ್ದು ಅಲ್ಲಿ, ಅದೂ ಬೆಳಗಿನ ಬಿಸಿಲು ಬಿದ್ದಮೇಲೆ. ಸಿಗದಿದ್ದರೆ ಹೋಗಲಿ ಬಿಡು ಎನ್ನುವಂತಿಲ್ಲ. 2019ರ ಏಪ್ರಿಲ್ 1ರಂದು ಜಾರಿಗೆ ಬಂದ ಪ್ರಾಣಿರಕ್ಷಣಾ ಕಾಯ್ದೆಯ ಪ್ರಕಾರ ಸಾಕಿದ ಪ್ರಾಣಿಯನ್ನು ಕೈಬಿಡುವುದು ಅಪರಾಧ.

ಚಿಪ್ ಹಾಕಿಸಿದರೆ ಆಗದೇ ಎಂದು ಕೇಳುವವರುಂಟು. ಸ್ವೀಡನ್ನಿನಲ್ಲಿ 2023ರ ಜನವರಿ 1ರಿಂದ ಬೆಕ್ಕುಗಳಿಗೂ ಗುರುತು ಹಾಕಿಸಿ ಸರ್ಕಾರದ ಕೃಷಿ ಮಂಡಳಿಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ, ನಾಯಿಗಳಿಗೆ ಅದು ಮೊದಲಿನಿಂದಲೂ ಇತ್ತು. ಹಲ್ಲಿಗೆ ಅಂಥ ಕಡ್ಡಾಯವಿಲ್ಲ. ಚರ್ಮದಡಿ ಕೂರಿಸುವ ಅಕ್ಕಿಕಾಳಿನ ಗಾತ್ರದ ಆ ಚಿಪ್ ಎಲ್ಲಿದ್ದೇನೆಂದು ಹೇಳುವುದೂ ಇಲ್ಲ. ಅದರಲ್ಲಿ ಬ್ಯಾಟರಿಯೇ ಇಲ್ಲ. ಪ್ರಾಣಿ ಕೈಗೆ ಸಿಕ್ಕಮೇಲೆ, ಓದುವ ಯಂತ್ರವನ್ನು ಮೈಗೆ ಹತ್ತಿಸಿ ಹಿಡಿದರೆ, ಇದು ಇಂಥದ್ದು ಎಂದಷ್ಟೇ ತಿಳಿಯುತ್ತದೆ. ಇನ್ನು ಜಿಪಿಎಸ್. ಪ್ರಾಣಿಯ ಮೈಮೇಲೆ ಹೊರಿಸುವ ಯಂತ್ರ ಅದರ ತೂಕದ ನೂರಕ್ಕೆ ಐದು ಭಾಗವನ್ನು ದಾಟಬಾರದು ಎಂಬುದು ಸಂಶೋಧಕರು ಸಾಮಾನ್ಯವಾಗಿ ಪಾಲಿಸುವ ಅಳತೆ. ಬೆಕ್ಕಿನ ಕೊರಳಿಗೆ ಕಟ್ಟುವ ಜಿಪಿಎಸ್ ಪಟ್ಟಿಯ ತೂಕ ಸ್ವೀಡನ್ನಿನ ಹಿತ್ತಲಲ್ಲಿ ಸಿಗುವ ಹಲ್ಲಿಯ ತೂಕಕ್ಕಿಂತ ಹೆಚ್ಚು. ಕಾಡಿನಲ್ಲಿ ಕೆಲಸ ಮಾಡುವವರು ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್ ಅಂಟಿಸುತ್ತಾರೆ, ದಾರದ ಉಂಡೆ ಕಟ್ಟಿ ಅದು ಬಿಚ್ಚಿಕೊಂಡ ದಾರಿಯನ್ನು ಹಿಂಬಾಲಿಸುತ್ತಾರೆ, ಹೊಳೆಯುವ ಪುಡಿ ಬಳಿದು ರಾತ್ರಿ ನೇರಳಾತೀತ ದೀಪ ಹಿಡಿದು ಹೆಜ್ಜೆ ಹುಡುಕುತ್ತಾರೆ. ಮನೆಯವರಿಗೆ ಇದ್ಯಾವುದೂ ಬೇಡ. ಗಡ್ಡದ ಓತಿಗೆ ಎದೆಪಟ್ಟಿಯೊಂದನ್ನು ಕಟ್ಟಿ ದಾರದ ತುದಿಯನ್ನು ಕೈಯಲ್ಲಿ ಹಿಡಿದುಕೊಂಡರೆ ಮುಗಿಯಿತು.

ಹಿತ್ತಲಿಗೆ ಬಿಟ್ಟ ಸಾಕುಪ್ರಾಣಿ ಹೇಗೆ ಕೈತಪ್ಪುತ್ತದೆ ಎಂಬುದಕ್ಕೆ ಸ್ವೀಡನ್ನಿನ ಅತಿ ಪ್ರಸಿದ್ಧ ಉದಾಹರಣೆ ಒಂದು ರಕೂನ್. ಉಪ್ಸಾಲದಲ್ಲಿ, ಜೀವಿಗಳಿಗೆ ಹೆಸರಿಡುವುದಕ್ಕೇ ಹೆಸರಾದ ವಿಜ್ಞಾನಿ ಕಾರ್ಲ್ ಲಿನೇಯಸ್ ಅದನ್ನು ಸಾಕಿದ್ದರು. ಹೆಸರು ಶುಪ್, ಕೊಟ್ಟವರು ಯುವರಾಜ ಅಡಾಲ್ಫ್ ಫ್ರೆಡ್ರಿಕ್. ಒಂದು ರಾತ್ರಿ ಅದು ಬೇಲಿ ಹಾರಿ ಪಕ್ಕದವರ ಅಂಗಳಕ್ಕೆ ಹೋಗಿ ನಾಯಿಯ ಬಾಯಿಗೆ ಸಿಕ್ಕಿತು. ಲಿನೇಯಸ್ ದುಃಖಪಟ್ಟರು, ಆಮೇಲೆ ಅದರ ದೇಹವನ್ನು ಕೊಯ್ದು ಪರೀಕ್ಷಿಸಿದರು. 1747ರಲ್ಲಿ ರಾಯಲ್ ಸ್ವೀಡಿಷ್ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ರಕೂನಿನ ವಿವರಣೆ ಅಚ್ಚಾಯಿತು. ಅದೇ ಯುವರಾಜ ಮುಂದೆ ರಾಜನಾದ. ಅವನ ಸಂಗ್ರಹದಲ್ಲಿ ಮದ್ಯದಲ್ಲಿಟ್ಟ ಹಾವು ಹಲ್ಲಿಗಳು ರಾಶಿ ಇದ್ದವು, ಅವುಗಳ ಪಟ್ಟಿ ಮಾಡಿದವರೂ ಲಿನೇಯಸ್ಸೇ. 1758ರಲ್ಲಿ ಬಂದ ಅವರ ಗ್ರಂಥದ ಹತ್ತನೇ ಆವೃತ್ತಿಯಲ್ಲಿ ಸ್ವೀಡನ್ನಿನ ಮರಳುಹಲ್ಲಿಗೆ ಲಸರ್ಟಾ ಅಜಿಲಿಸ್ ಎಂಬ ಹೆಸರು ಬಿತ್ತು. ನಮ್ಮ ಮಲೆನಾಡಿನ ಹಸಿರು ಓತಿಗೂ ಹೆಸರು ಬಿದ್ದದ್ದು ಅದೇ ಪುಸ್ತಕದಲ್ಲಿ. ಭಾರತಕ್ಕೆ ಒಮ್ಮೆಯೂ ಬಾರದ ಮನುಷ್ಯ, ಜಾಡಿಯೊಳಗಿನ ಹೆಣ ನೋಡಿ ನಮ್ಮ ಬೇಲಿಯ ಜೀವಿಗೆ ನಾಮಕರಣ ಮಾಡಿದ್ದರು. ಅವು ಬದುಕುವುದು ಹೇಗೆಂದು ಜಾಡಿ ಹೇಳುವುದಿಲ್ಲವಷ್ಟೆ.

ಅದನ್ನು ಹೇಳುವವರು ಎರಡನೇ ಜಾತಿಯವರು, ಸಾಕದೆ ಹೊರಗಿನ ಹಲ್ಲಿಗಳ ಲೆಕ್ಕ ಇಡುವವರು. ಸ್ವೀಡನ್ನಿನಲ್ಲಿ ತಾನಾಗಿ ಬದುಕುವ ಹಲ್ಲಿಗಳು ಮೂರೇ ಮೂರು ಬಗೆ. ಮರಳುಹಲ್ಲಿ ದಕ್ಷಿಣದ ಬೆಚ್ಚನೆಯ ಮರಳು ಜಾಗಗಳಲ್ಲಿದೆ. ಕಾಡುಹಲ್ಲಿ ಉತ್ತರ ಧ್ರುವವೃತ್ತದಾಚೆಗೂ ಸಿಗುತ್ತದೆ. ಆ ಚಳಿಯ ನೆಲದಲ್ಲಿ ಮೊಟ್ಟೆಯಿಟ್ಟರೆ ಮರಿಯಾಗುವುದು ಕಷ್ಟ, ಆದ್ದರಿಂದ ಅದು ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಬಿಸಿಲಿನಲ್ಲಿ ಮೈ ಕಾಯಿಸಿಕೊಂಡು, ಮರಿಯನ್ನೇ ಹಾಕುತ್ತದೆ. ಮೂರನೆಯದು ಕಾಲಿಲ್ಲದ, ತಾಮ್ರದ ಬಣ್ಣದ ಹಲ್ಲಿ. ನೋಡಿದವರು ಹಾವೆಂದು ಹೌಹಾರುತ್ತಾರೆ, ಅದು ಮಾತ್ರ ಕಣ್ಣು ಮಿಟುಕಿಸುತ್ತದೆ, ಹಾವಿಗೆ ರೆಪ್ಪೆಯಿಲ್ಲ. ತೋಟ ಮಾಡುವವರಿಗೆ ಇದು ನೆಂಟ. ಸ್ವೀಡನ್ನಿನ ತರಕಾರಿ ಮಡಿಗಳನ್ನು ಹಾಳುಗೆಡಹುವ, ಜನ ಕೊಲೆಗಾರನೆಂದೇ ಕರೆಯುವ ಚಿಪ್ಪಿಲ್ಲದ ಬಸವನಹುಳುವಿನ ಮರಿಗಳನ್ನು ಅದು ತಿನ್ನುತ್ತದೆ. ಆಯುಸ್ಸೂ ಗಟ್ಟಿ. ಕೋಪನ್‌ಹೇಗನ್ನಿನಲ್ಲಿ ಸಾಕಿದ್ದ ಒಂದು 54 ವರ್ಷ ಬಾಳಿದ ದಾಖಲೆಯಿದೆ. ಮನೆ ಕಟ್ಟಿಸಿದಾಗ ಕಂಡದ್ದು ಮೊಮ್ಮಗನ ನಾಮಕರಣದ ದಿನವೂ ಕಂಡರೆ ಆಶ್ಚರ್ಯವಿಲ್ಲ.

ಈ ಮೂರನ್ನೂ ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ, ಗಾಯ ಮಾಡುವಂತಿಲ್ಲ. ಸ್ವೀಡನ್ನಿನಲ್ಲಿ ಎಲ್ಲ ಉರಗಗಳಿಗೂ ಉಭಯಚರಗಳಿಗೂ ಕಾನೂನಿನ ರಕ್ಷಣೆಯಿದೆ. ಮರಳುಹಲ್ಲಿಗಂತೂ ಅದರ ಮೊಟ್ಟೆ, ಅದು ಮೊಟ್ಟೆಯಿಡುವ ಜಾಗ ಸೇರಿ. ಯಾರ ಕಾಡಿನಲ್ಲಾದರೂ ಅಡ್ಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿರುವ ದೇಶ, ನಿಮ್ಮದೇ ಹಿತ್ತಲಿನ ಹಲ್ಲಿಯನ್ನು ಡಬ್ಬಿಗೆ ಹಾಕುವ ಹಕ್ಕನ್ನು ನಿಮಗೆ ಕೊಟ್ಟಿಲ್ಲ. ಒಂದು ಮುದ್ದಾದ ವಿನಾಯಿತಿ ಇದೆ: ಸಾಮಾನ್ಯ ಕಪ್ಪೆಯ ಕೆಲವು ಮೊಟ್ಟೆ, ಗೊದಮೊಟ್ಟೆಗಳನ್ನು ತಂದು ಅವು ಬೆಳೆಯುವುದನ್ನು ನೋಡಬಹುದು, ಆಮೇಲೆ ತಂದಲ್ಲಿಗೇ ಬಿಡಬೇಕು. ಕಾನೂನು ಬರೆದವರಲ್ಲಿ ಯಾರೋ ಬಾಲ್ಯವನ್ನು ಮರೆತಿರಲಿಲ್ಲ.

ಆಸ್ಕೆಟುನ್ನನ್‌ನ ಓಲ್ಸನ್ ತಂಡಕ್ಕೆ ಇದ್ದದ್ದು ಸಂಶೋಧನೆಯ ಅನುಮತಿ. ಅವರು ಮರಳುಹಲ್ಲಿಗಳನ್ನು ಹಿಡಿದು, ಬೆರಳ ತುದಿಯನ್ನು ಸ್ವಲ್ಪ ಕತ್ತರಿಸಿ ಶಾಶ್ವತ ಗುರುತು ಮಾಡುತ್ತಿದ್ದರು, ದೂರದಿಂದಲೇ ಕಾಣಲಿ ಎಂದು ಬೆನ್ನಿಗೆ ನಂಬರು ಅಂಟಿಸುತ್ತಿದ್ದರು. ಬೆರಳು ಕತ್ತರಿಸುವುದು ಓದುವವರಿಗೆ ಕಸಿವಿಸಿಯೇ, ನನಗೂ. ಆದರೆ ಹಲ್ಲಿ ಪೊರೆ ಕಳಚುತ್ತದೆ, ಬಣ್ಣ, ಪಟ್ಟಿ ಎಲ್ಲ ಅದರ ಜೊತೆಗೆ ಹೋಗುತ್ತದೆ. ಬಾಲವೋ ಶತ್ರುವಿಗೆ ಬಿಟ್ಟುಕೊಡಲೆಂದೇ ಇರುವುದು, ಅದನ್ನು ನಂಬುವಂತಿಲ್ಲ. ಗರ್ಭ ಧರಿಸಿದ ಹೆಣ್ಣುಗಳನ್ನು ಪ್ರಯೋಗಾಲಯಕ್ಕೆ ತಂದು, ಮೊಟ್ಟೆಗಳಿಗೆ ಅಲ್ಲೇ ಕಾವು ಕೊಟ್ಟು, ಮರಿಗಳಿಗೂ ಗುರುತು ಮಾಡಿ ಮತ್ತೆ ಅದೇ ಬಂಡೆಗಳ ನಡುವೆ ಬಿಡುತ್ತಿದ್ದರು. ಹೀಗೆ ತಾಯಿ, ಮಗಳು, ಮೊಮ್ಮಗಳು ಎಂದು ಪುಸ್ತಕ ಬೆಳೆಯಿತು.

ಆ ಪುಸ್ತಕದಿಂದ ಹೊರಬಿದ್ದ ಸಂಗತಿಗಳು ಊರ ಪಂಚಾಯಿತಿಗೆ ಬರುವ ವ್ಯಾಜ್ಯಗಳಿಗಿಂತ ಕಡಿಮೆಯಿಲ್ಲ. ಗಂಡುಗಳು ಹೆಣ್ಣುಗಳಿಗಿಂತ ಮೊದಲೇ ಚಳಿನಿದ್ದೆಯಿಂದ ಎದ್ದು ಬರುತ್ತವೆ. ಪೊರೆ ಕಳಚಿದ ಮೇಲೆ ಅವುಗಳ ಪಕ್ಕೆಗಳು ಹಚ್ಚಹಸಿರಾಗುತ್ತವೆ. ಹಸಿರು ಹೆಚ್ಚಿದ್ದಷ್ಟೂ ಕಾದಾಟದ ಕಸುವು ಹೆಚ್ಚು, ಎದುರಾಳಿ ಅದನ್ನು ಅಳೆದು ನೋಡಿಯೇ ಮುನ್ನುಗ್ಗುತ್ತದೆ ಅಥವಾ ಹಿಂದೆ ಸರಿಯುತ್ತದೆ. ಕೂಡಿದ ಮೇಲೂ ಗಂಡು ಹೆಣ್ಣನ್ನು ಬಿಟ್ಟುಹೋಗದೆ ಕಾವಲು ಕೂರುತ್ತದೆ. ಅಷ್ಟಾದರೂ ಹೆಣ್ಣು ಒಂದೇ ಋತುವಿನಲ್ಲಿ ಹಲವು ಗಂಡುಗಳನ್ನು ಸೇರುತ್ತದೆ. ಆ ಗಂಡುಗಳಲ್ಲಿ ಅದರ ಹತ್ತಿರದ ರಕ್ತಸಂಬಂಧಿಗಳೂ ಇರುತ್ತವೆ. ಸಣ್ಣ ಊರು, ಬೇರೆ ದಾರಿಯಿಲ್ಲ. ಒಡಹುಟ್ಟಿದವು ಕೂಡಿದಾಗ ಊನವಾದ ಮರಿಗಳು ಹೆಚ್ಚು ಹುಟ್ಟುವುದನ್ನು ತಂಡ ದಾಖಲಿಸಿತ್ತು. ಹಾಗಾದರೆ ಹೆಣ್ಣು ಯಾಕೆ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತದೆ? ಮರಿಗಳ ಡಿಎನ್‌ಎ ನೋಡಿದಾಗ ಉತ್ತರ ಸಿಕ್ಕಿತು. ಹತ್ತಿರದ ಸಂಬಂಧಿಗೆ ಸಿಕ್ಕ ಮರಿಗಳ ಪಾಲು ಕಡಿಮೆ, ದೂರದವನದು ಹೆಚ್ಚು. ಯಾರನ್ನೂ ಬೇಡವೆನ್ನದ ಹೆಣ್ಣು, ಆರಿಸುವ ಕೆಲಸವನ್ನು ಒಡಲೊಳಗೆ ಮಾಡಿ ಮುಗಿಸಿತ್ತು. 1996ರಲ್ಲಿ ಓಲ್ಸನ್ ಮತ್ತು ಸಂಗಡಿಗರು ಇದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದೊಂದು ಹಲ್ಲಿಗೂ ಒಂದೊಂದು ಸಾಲು ಬರೆದಿಡದಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಇಂಥ ಲೆಕ್ಕ ಒಂದು ಹಾವಿನ ಊರನ್ನೇ ಉಳಿಸಿದ್ದೂ ಉಂಟು. ದೇಶದ ದಕ್ಷಿಣದ ತುದಿ ಸ್ಮಿಗೆಹುಕ್‌ನಲ್ಲಿ ಒಂಟಿಯಾಗಿ ಉಳಿದಿದ್ದ ವಿಷದ ಹಾವುಗಳ ಗುಂಪೊಂದನ್ನು ಥಾಮಸ್ ಮ್ಯಾಡ್ಸನ್ ಎಂಬ ಸಂಶೋಧಕರು ವರ್ಷವರ್ಷವೂ ಎಣಿಸುತ್ತಿದ್ದರು. ಸತ್ತ ಮರಿ, ಊನದ ಮರಿ ಹೆಚ್ಚುತ್ತಾ ಸಂಖ್ಯೆ ಕುಸಿಯುತ್ತಿತ್ತು. 1992ರಲ್ಲಿ ಬೇರೆಡೆಯಿಂದ 20 ಗಂಡುಹಾವುಗಳನ್ನು ತಂದು ಬಿಟ್ಟರು. ನಾಲ್ಕು ಋತು ಕಳೆದ ಮೇಲೆ, 1996ರಲ್ಲಿ, ಬದುಕುಳಿದ ಅಳಿಯಂದಿರನ್ನು ಹಿಡಿದು ಅವರವರ ಊರಿಗೆ ಕಳಿಸಿದರು. ಹೊಸ ರಕ್ತ ಕೂಡಿದ ಮೇಲೆ ಹಾವುಗಳ ಸಂಖ್ಯೆ ಚೇತರಿಸಿಕೊಂಡಿತು. ಹಿಡಿದು ವಾಪಸ್ ಕಳಿಸಲು ಸಾಧ್ಯವಾದದ್ದೇ ಅವುಗಳ ಗುರುತು ಗೊತ್ತಿದ್ದದ್ದರಿಂದ.

ಒಳನಾಡಿನ ವರ್ಮ್‌ಲ್ಯಾಂಡಿನ ಬ್ರಾಟ್‌ಫೋರ್ಶೆಡನ್ ಎಂಬ ಪೈನ್ ಕಾಡಿನಲ್ಲಿ ಸಮಸ್ಯೆ ಬೇರೆ. ಮರಳುಹಲ್ಲಿಗೆ ಮೊಟ್ಟೆಯಿಡಲು ಬಿಸಿಲು ಬೀಳುವ ಬರಿ ಮರಳು ಬೇಕು. ಹಿಂದೆ ಕಾಳ್ಗಿಚ್ಚು ಬಿದ್ದಾಗ ನೆಲ ತೆರೆದುಕೊಳ್ಳುತ್ತಿತ್ತು. ಬೆಂಕಿ ನಂದಿಸುವುದನ್ನು ಮನುಷ್ಯ ಚೆನ್ನಾಗಿ ಕಲಿತ ಮೇಲೆ ಮರ ದಟ್ಟವಾಯಿತು, ಪಾಚಿ ಮುಚ್ಚಿತು. ಸ್ವೆನ್-ಓಕೆ ಬರ್ಗ್‌ಲಿಂಡ್ ಎಂಬ ಸಂಶೋಧಕರು ಅಲ್ಲಿನ ಹಲ್ಲಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2005ರಲ್ಲಿ ಉಪ್ಸಾಲದಲ್ಲಿ ಮಹಾಪ್ರಬಂಧ ಬರೆದರು. ಅವರು ಹೇಳಿದ ಮದ್ದು ಸರಳ: ಮರ ಕಡಿದು, ಮೇಲ್ಮಣ್ಣು ಸರಿಸಿ, ಮರಳನ್ನು ಬಿಸಿಲಿಗೆ ಬಿಡಿ. ತೋಟವಿರುವವರಿಗೂ ಇದೇ ಪಾಠ ಸಾಕು. ದಕ್ಷಿಣಕ್ಕೆ ಮುಖಮಾಡಿದ ಒಂದಿಷ್ಟು ಮರಳು, ಪಕ್ಕದಲ್ಲಿ ಕಲ್ಲಿನ ಗುಡ್ಡೆ, ಓಡಿ ಅಡಗಲು ಹುಲ್ಲು. ಮತ್ತೆ, ಸಾಧ್ಯವಾದರೆ, ಬೆಕ್ಕು ಮನೆಯೊಳಗೆ.

ಸ್ವೀಡನ್ನಿನವರು ಹಿಂದಿನಿಂದಲೂ ಹಿತ್ತಲಿನ ಉರಗವನ್ನು ಮನೆಯದೆಂದೇ ಎಣಿಸಿದವರು. 1555ರಲ್ಲಿ ಓಲಾಸ್ ಮ್ಯಾಗ್ನಸ್ ಉತ್ತರದ ಜನರ ಬಗ್ಗೆ ಬರೆದ ಗ್ರಂಥದಲ್ಲಿ ಮನೆಯಲ್ಲಿ ಹಾಲುಂಡು ಬದುಕುವ ಹಾವುಗಳ ಪ್ರಸ್ತಾಪವಿದೆ. ಗೊಬ್ಬರದ ಗುಂಡಿಯ ಬಿಸಿಗೆ ಮೊಟ್ಟೆಯಿಡಲು ಬರುವ ನಿರುಪದ್ರವಿ ಹಾವು ಮನೆಗೆ ಒಳ್ಳೆಯದು ತರುತ್ತದೆ, ಅದನ್ನು ಕೊಂದರೆ ಕೇಡು ಎಂಬ ನಂಬಿಕೆ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಹುತ್ತಕ್ಕೆ ಹಾಲೆರೆಯುವವರಿಗೆ, ನಾಗಬನದ ಮರದ ಎಲೆಯನ್ನೂ ಕೀಳದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಲು ಕುಡಿಯದ ಪ್ರಾಣಿಗೆ ಹಾಲಿಡುವ ತಪ್ಪನ್ನೂ ಎರಡೂ ಕಡೆಯವರು ಹಂಚಿಕೊಂಡಿದ್ದಾರೆ!

ಈಗಿನ ಸ್ವೀಡನ್ನಿನ ಮನೆಯವರು ಹಾಲಿನ ಬಟ್ಟಲಿನ ಬದಲು ಫೋನ್ ಹಿಡಿಯಬಹುದು. ಮರಳುಹಲ್ಲಿಯ ಬೆನ್ನಿನ ಚುಕ್ಕೆಗೆರೆಗಳು ಒಂದಕ್ಕಿದ್ದಂತೆ ಇನ್ನೊಂದಕ್ಕಿಲ್ಲ. ದೂರದಿಂದ, ನೆರಳು ಬೀಳದಂತೆ ಬೆನ್ನಿನ ಒಂದು ಸ್ಪಷ್ಟ ಚಿತ್ರ ತೆಗೆದಿಟ್ಟುಕೊಂಡರೆ ಮುಂದಿನ ವಸಂತದಲ್ಲಿ ಬಂದದ್ದು ಅದೇ ಹೌದೋ ಎಂದು ಹೋಲಿಸಬಹುದು. ಯುರೋಪಿನ ಸಂಶೋಧಕರು ಇದಕ್ಕೆ ಸಾಫ್ಟ್‌ವೇರ್ ಬಳಸುತ್ತಾರೆ, ಹಿತ್ತಲಿನ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು ಹಲ್ಲಿಗಳಿಗೆ ಕಣ್ಣೇ ಸಾಕು. ಕಂಡ ದಿನ, ಗಂಟೆ, ಬಿಸಿಲು, ಜಾಗ ಇಷ್ಟನ್ನು ಬರೆದು ಆರ್ಟ್‌ಪೋರ್ಟಾಲನ್ ಎಂಬ ಸಾರ್ವಜನಿಕ ತಾಣಕ್ಕೆ ಹಾಕಿದರೆ ಅದು ದೇಶದ ಜೀವಿಗಳ ಲೆಕ್ಕಕ್ಕೆ ಸೇರುತ್ತದೆ. ರಸ್ತೆ, ಬಡಾವಣೆ ಮಾಡುವ ಮೊದಲು ಅಧಿಕಾರಿಗಳು ಈ ಲೆಕ್ಕವನ್ನು ತೆರೆದು ನೋಡುತ್ತಾರೆ.

ನಮ್ಮಲ್ಲೂ ಕಾನೂನು ಸಡಿಲವೇನಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಉಡ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಕಟ್ಟಿಹಾಕಿ ಸಾಕಿದರೆ ಜೈಲು. ಹಾರುವ ಓತಿಯ ಹಿಂದೆ ಕಾಡು ಅಲೆಯುವ ಕಥೆಯನ್ನು ಪೂರ್ಣಚಂದ್ರ ತೇಜಸ್ವಿ 'ಕರ್ವಾಲೊ' ಎಂದು 1980ರಲ್ಲೇ ಕೊಟ್ಟರೂ, ಹಿತ್ತಲಿನ ಓತಿಯ ಹಿಂದೆ ನೋಟ್‌ಬುಕ್ ಹಿಡಿದು ಕೂತವರು ನಮ್ಮಲ್ಲಿ ಕಡಿಮೆ. ಸ್ವೀಡನ್ನಿನ ಹಲ್ಲಿ ವರ್ಷದಲ್ಲಿ ಅರ್ಧ ಕಾಲ ನೆಲದಡಿ ಮಲಗಿರುತ್ತದೆ, ನಮ್ಮದು ವರ್ಷಪೂರ್ತಿ ಬೇಲಿಯ ಮೇಲೆ ತಲೆಯಾಡಿಸುತ್ತಿರುತ್ತದೆ. ಹಿಡಿಯಬೇಡಿ, ಕಲ್ಲು ಹೊಡೆಯುವ ಮಕ್ಕಳಿಗೆ ಫೋನ್ ಕೊಟ್ಟು ಚಿತ್ರ ತೆಗೆಸಿ, ದಿನಾಂಕ ಮತ್ತು ಜಾಗದ ಸಮೇತ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿಸಿ.